ಹೋಗ್ತೀನಿ ಅನ್ನಬಾರದು

ಜನ ಕರಾರುಪತ್ರ ಓದುವುದಿಲ್ಲ ಎಂಬುದು ಸರ್ಕಾರಕ್ಕೆ ಗೊತ್ತಾಗುವಷ್ಟರಲ್ಲಿ ಅರ್ಧ ದೇಶ ತನ್ನನ್ನು ತಾನೇ ಮಾರಿಕೊಂಡಾಗಿತ್ತು. ಪರದೆಯ ಮೇಲೆ ಉದ್ದೋಉದ್ದ ಬರಹ, ಕೊನೆಗೊಂದು ಗುಂಡಿ. ಯಾರು ಓದುತ್ತಾರೆ ಹೇಳಿ? ಒತ್ತುತ್ತಿದ್ದರು, ಆಮೇಲೆ ಅಳುತ್ತಿದ್ದರು. ಹಾಗಾಗಿ ಹೊಸ ಕಾನೂನು ಬಂತು. ಇನ್ನು ಮೇಲೆ ಕೆಲಸಕ್ಕೆ ಸೇರುವವರ ಒಪ್ಪಿಗೆ ಕಾಗದದ ಮೇಲೆ ನಡೆಯುವುದಿಲ್ಲ, ಗುಂಡಿ ಒತ್ತಿದರೂ ನಡೆಯುವುದಿಲ್ಲ. ಬಾಯಿ ಬಿಟ್ಟು, ಅವರವರ ತಾಯ್ನುಡಿಯಲ್ಲಿ ಹೇಳಬೇಕು. ಕೇಳಿಸಿಕೊಳ್ಳುವುದಕ್ಕೆ ಪ್ರತಿ ಕಚೇರಿಯಲ್ಲೂ 'ಸಾಕ್ಷಿ' ಎಂಬ ಯಂತ್ರ. ಅದಕ್ಕೆ ಒಪ್ಪಿಗೆ ಕೇಳಿಸಿತೆಂದರೆ ಬಾಗಿಲ ಮೇಲೆ ಹಸಿರು ದೀಪ ಹತ್ತುತ್ತಿತ್ತು. ಎಂಥಾ ಒಳ್ಳೆಯ ಕಾನೂನು ಎಂದು ಎಲ್ಲರೂ ಹೊಗಳಿದರು. ಮೈಸೂರಿನ ಮೇದಿನಿಯೂ ಹೊಗಳಿದ್ದಳು.

ಒಪ್ಪಿಗೆ ಯಾತಕ್ಕೆ ಅನ್ನುವುದನ್ನೂ ಹೇಳಿಬಿಡಬೇಕು. ಆ ಕಾಲಕ್ಕೆ ದೊಡ್ಡ ಕಂಪನಿಗಳು ಮನುಷ್ಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. ಅವರ ಪಡಿಯಚ್ಚನ್ನು ಇಟ್ಟುಕೊಳ್ಳುತ್ತಿದ್ದವು. ಸಂದರ್ಶನಕ್ಕೆ ಹೋದವರ ತಲೆಗೆ ಬಳೆಯಂಥದ್ದೊಂದನ್ನು ತೊಡಿಸಿ, ಕೆಲವು ದಿನ ಲೆಕ್ಕ, ಒಗಟು, ತಲೆ ಕೆಡಿಸುವ ಕೆಲಸ ಎಲ್ಲ ಕೊಡುತ್ತಿದ್ದರು. ಅವರಿಗೆ ಬೇಕಾದದ್ದು ಉತ್ತರವಲ್ಲ. ಎಲ್ಲಿ ತಡವರಿಸಿದಿರಿ, ಏನು ಬರೆದು ಹೊಡೆದುಹಾಕಿದಿರಿ, ಯಾವುದಕ್ಕೆ ನಕ್ಕಿರಿ, ಯಾವುದಕ್ಕೆ ಹೆದರಿದಿರಿ, ಅದೆಲ್ಲ ಸೇರಿ ಮನಸ್ಸಿನ ಅಚ್ಚು ಬೀಳುತ್ತಿತ್ತು. ಜನರ ಬಾಯಲ್ಲಿ ಅದು ಚಿಕ್ಕದಾಗಿ 'ಪಡಿ' ಆಯಿತು. ನೀವು ಒಪ್ಪಿದರೆ ಪಡಿ ಎದ್ದು ಕೂತು ದುಡಿಯುತ್ತದೆ, ಸಂಬಳ ನಿಮಗೆ. ಒಪ್ಪದಿದ್ದರೆ ಅಚ್ಚನ್ನು ಅಳಿಸಿಬಿಡಬೇಕು. ಆದರೆ ಒಂದು ಮನಸ್ಸಿಗೆ ಒಂದೇ ಕೆಲಸ. ಪಡಿ ಒಂದು ಕಡೆ ದುಡಿಯುತ್ತಿದ್ದರೆ ಅದರ ಒಡತಿ ಅದೇ ಕಸುಬನ್ನು ಬೇರೆಲ್ಲೂ ಮಾಡುವ ಹಾಗಿಲ್ಲ, ಸಾಯುವ ತನಕ.

ಮೇದಿನಿಯ ಮುಂದೆ ಮೂರು ದಾರಿಗಳಿದ್ದವು. ಒಂದು, ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಅರ್ಧ ಊರಿನಷ್ಟು ಜಾಗ ನುಂಗಿ ಕೂತಿದ್ದ ಸಪ್ತಾಕ್ಷ ಎಂಬ ದೈತ್ಯ ಕಂಪನಿ. ಸಂದರ್ಶನ ಮುಗಿಸಿ, ಪಡಿ ಕೊಡುತ್ತೀರಾ ಎಂದು ಕೇಳಿ ಕಾಯುತ್ತಿತ್ತು. ಎರಡು, ಕಿವಿ ಕೇಳದವರಿಗೆ ಯಂತ್ರ ಮಾಡುವ 'ಕಿವಿಮಾತು' ಎಂಬ ಪುಟ್ಟ ಸ್ಟಾರ್ಟಪ್ಪು. ಅದರ ಯಜಮಾನ ಪೊನ್ನಪ್ಪ ಅವಳನ್ನು ಖುದ್ದಾಗಿ ಬಂದು ಕೆಲಸ ಮಾಡು ಎಂದು ಕರೆದಿದ್ದ. ಬರುವ ವರ್ಷ ಕಂಪನಿ ಇರುತ್ತದೋ ಮುಚ್ಚುತ್ತದೋ ಅವನಿಗೇ ಗೊತ್ತಿರಲಿಲ್ಲ. ಮೂರನೆಯದು ಗೆಳತಿ ತಬಸ್ಸುಮ್ ಜೊತೆ ಸೇರಿ ಸ್ವಂತ ಕಂಪನಿ. ಹೆಸರೂ ಇಟ್ಟಾಗಿತ್ತು, 'ಸೊಲ್ಲು'. ಲಕ್ವ ಹೊಡೆದು ಮಾತು ನಿಂತವರ ಕೊರಳಿಗೆ ಕಟ್ಟುವ ಪಟ್ಟಿಯೊಂದನ್ನು ಅವರು ಮಾಡುತ್ತಿದ್ದರು. ಬಾಯಿ ಆಡದಿದ್ದರೂ ಮನಸ್ಸಿನಲ್ಲಿ ಮಾತು ಹುಟ್ಟಿದಾಗ ಗಂಟಲು ಕಂಡೂ ಕಾಣದ ಹಾಗೆ ಮಿಡುಕುತ್ತದೆ. ಆ ಮಿಡುಕನ್ನು ಹಿಡಿದು ಪಟ್ಟಿ ಗಟ್ಟಿಯಾಗಿ ಹೇಳಬೇಕು. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಮೇದಿನಿಯ ತಾಯಿ ಪುಟ್ಟತಾಯಮ್ಮ, "ಪಾಪ, ಅವರ ಗಂಟಲು ಆಡ್ತಿರುತ್ತೆ ಕಣೇ, ಮಾತು ಮಾತ್ರ ಬರಲ್ಲ" ಎಂದು ಒಮ್ಮೆ ಹೇಳಿದ್ದೇ ಆ ಕೆಲಸದ ಬೀಜ.

"ಅತ್ತ ದರಿ ಇತ್ತ ಪುಲಿ ಅನ್ನೋ ಹಾಗೆ ಮುಖ ಮಾಡ್ಕೊಂಡು ಕೂತ್ರೆ ರೊಟ್ಟಿ ಆರಿಹೋಗುತ್ತೆ. ತಿನ್ನು," ಎಂದರು ಪುಟ್ಟತಾಯಮ್ಮ ಅವತ್ತು ಬೆಳಿಗ್ಗೆ, ಕಾವಲಿಯ ಮುಂದೆ ನಿಂತು.

"ಭಯ ಆಗುತ್ತಮ್ಮ. ಯಾವುದನ್ನ ಆರಿಸಿದ್ರೂ ಉಳಿದ ಎರಡು ಕೈ ಬಿಟ್ಟುಹೋಗುತ್ತೆ."

"ಮದುವೆನೂ ಹಂಗೇ ಅಲ್ವೇನೇ? ಒಬ್ಬನ್ನ ಕಟ್ಕೊಂಡ್ರೆ ಊರಲ್ಲಿರೋ ಗಂಡಸರೆಲ್ಲ ಕೈ ಬಿಟ್ಟ ಹಾಗೆ. ಅದಕ್ಕೆ ಯಾರಾದ್ರೂ ಅತ್ಕೊಂಡು ಕೂರ್ತಾರಾ?"

ಮೇದಿನಿಗೆ ನಗು ಬಂತು. ನಿಜ ಹೇಳಬೇಕೆಂದರೆ ಅವಳು ಆರಿಸಿಯಾಗಿತ್ತು. ಸೊಲ್ಲು. ಉಳಿದದ್ದು ಸಪ್ತಾಕ್ಷಕ್ಕೆ ಹೋಗಿ ಬೇಡ ಎಂದು ಹೇಳುವುದೊಂದೇ, ಮತ್ತು ಅವಳಿಗೆ ಭಯವಿದ್ದದ್ದು ಅದಕ್ಕೇ. ಹುಟ್ಟಿದಾಗಿನಿಂದ ಯಾರ ಮುಖಕ್ಕೂ ಬೇಡ ಎಂದವಳಲ್ಲ. ಬೇಡ ಅನ್ನುವ ಕಡೆಯಲ್ಲೆಲ್ಲ 'ನೋಡೋಣ' ಎಂದು ಬದುಕಿದವಳು. ರೊಟ್ಟಿ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ಹೋಗ್ತೀನಮ್ಮ."

"ಥೂ! ಎಷ್ಟು ಸಲ ಹೇಳೋದು? ಬರ್ತೀನಿ ಅನ್ನು."

"ಬರ್ತೀನಿ, ಬರ್ತೀನಿ."

ಪುಟ್ಟತಾಯಮ್ಮನಿಗೆ ಇದು ಮಡಿಗಿಂತ ಹೆಚ್ಚು. ವಾರ್ಡಿನಲ್ಲಿ 'ಹೋಗ್ತೀನಿ ಸಿಸ್ಟರಮ್ಮಾ' ಎಂದು ಕೈ ಹಿಡಿದುಕೊಂಡವರೆಲ್ಲ ಹೋಗಿಯೇ ಬಿಟ್ಟಿದ್ದನ್ನು ಕಂಡವರು. ತಾಯಿ ಬೈದು ಬೈದು ಮಗಳಿಗೂ ಅದು ಅಂಟಿತ್ತು. ತಬಸ್ಸುಮ್ ಆಗಲಿ, ಆಟೋದವನಾಗಲಿ, ಯಾರಾದರೂ 'ಹೋಗ್ತೀನಿ' ಎಂದರೆ ಸಾಕು, ಸೀನಿದವರಿಗೆ 'ಚಿರಂಜೀವಿ' ಅನ್ನುವ ಹಾಗೆ ಅವಳ ಬಾಯಿಂದ 'ಬರ್ತೀನಿ ಅನ್ನು' ತಾನಾಗಿ ಉದುರುತ್ತಿತ್ತು.

ಹೆಬ್ಬಾಳಕ್ಕೆ ಹೋಗುವ ಮುಂಚೆ ಧೈರ್ಯಕ್ಕೆಂದು ಬನ್ನಿಮಂಟಪದ ಕಡೆ ತಿರುಗಿದಳು. ಬ್ಯಾಟರಿ ಅಂಗಡಿಯ ಮೇಲಿನ ಒಂದು ಕೋಣೆಯೇ ಸೊಲ್ಲಿನ ಪ್ರಯೋಗಾಲಯ. ತಬಸ್ಸುಮ್ ಪಟ್ಟಿಯನ್ನು ಮೇದಿನಿಯ ಕೊರಳಿಗೆ ಕಟ್ಟಿ, ಕೈಗೊಂದು ಲೋಟ ಚಹಾ ಕೊಟ್ಟು, "ಬಾಯಿ ಬಿಡಬೇಡ, ಕುಡಿ, ಏನನ್ಸುತ್ತೋ ಮನಸ್ಸಲ್ಲೇ ಅಂದ್ಕೋ" ಎಂದಳು. ಮೇದಿನಿ ಒಂದು ಗುಟುಕು ಕುಡಿದಳು. ಮೇಜಿನ ಮೇಲಿನ ಸ್ಪೀಕರು ಕರಕರ ಎಂದು ಆಮೇಲೆ ತೊದಲಿತು: "ಕಚಾಯ. ಕಚಾಯ."

"ಕಷಾಯ ಅಂದ್ಯಾ? ನಾನು ಮಾಡಿದ ಚಹಾನ ಕಷಾಯ ಅಂದ್ಯೇನೇ, ಚಾಂಡಾಲಿ!"

ಇಬ್ಬರೂ ಕುಣಿದಾಡಿದರು. ತೊದಲಾದರೂ ಪಟ್ಟಿ ಮಾತಾಡಿತ್ತಲ್ಲ! ಬಾಯಿಯನ್ನು ಬೇಕಾದರೆ ಮುಚ್ಚಿಕೊಳ್ಳಬಹುದು, ಗಂಟಲನ್ನು ಮುಚ್ಚಿಕೊಳ್ಳುವುದಕ್ಕಾಗುವುದಿಲ್ಲ ಎಂದು ತಬಸ್ಸುಮ್ ಹೇಳಿದಳು. ಮೇದಿನಿ ಆ ಖುಷಿಯಲ್ಲೇ ಬಸ್ಸು ಹತ್ತಿದಳು.

ಸಪ್ತಾಕ್ಷದಲ್ಲಿ, ಅಚ್ಚಿನ ಕೊನೆಯ ಕಂತೆಂದು ತಲೆಗೆ ಮತ್ತೆ ಬಳೆ ತೊಡಿಸಿ ಅವಳನ್ನು ಕೂರಿಸಿಕೊಂಡವರು ವನಮಾಲಾ ಎಂಬ ಅಧಿಕಾರಿ. ನಂಜನಗೂಡಿನ ಕಡೆಯ ಹೆಂಗಸು, ಮಾತು ಬೆಣ್ಣೆ. ಸಂಬಳ, ಸವಲತ್ತು, ಮನೆ ಸಾಲ, ತಾಯಿಯ ಔಷಧಿ ಖರ್ಚು ಎಂದು ಹೇಳುತ್ತಾ ಹೋದರು. ಮೇದಿನಿ ಹೂಂ ಹೂಂ ಎಂದು ಕೇಳುತ್ತಾ ಹೋದಳು. ಕೊನೆಗೆ 'ಹಾಗಾದ್ರೆ ಕೆಲಸಕ್ಕೆ ಬರ್ತೀರಾ?' ಎಂದು ಕೇಳಿದಾಗಲೂ ಬೇಡ ಎಂಬ ಮಾತು ನಾಲಗೆಯ ತುದಿಗೆ ಬಂದು ವಾಪಸು ಹೋಯಿತು.

"ನೋಡೋಣ ಮೇಡಂ. ಮನೇಲಿ ಮಾತಾಡಿ ಹೇಳ್ತೀನಿ."

"ಖಂಡಿತ. ಅವಸರ ಏನಿಲ್ಲ."

ಮೇದಿನಿ ಎದ್ದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮುಖಕ್ಕೆ ಹೇಳುವುದು ತಪ್ಪಿತಲ್ಲ, ನಾಳೆ ನಾಲ್ಕು ಸಾಲು ಬರೆದು ಕಳಿಸಿದರಾಯಿತು ಎಂದುಕೊಂಡು ಕೈ ಮುಗಿದಳು. "ಸರಿ ಮೇಡಂ, ಬರ್ತೀನಿ."

ಬಾಗಿಲಾಚೆ ಬಳೆ ಬಿಚ್ಚಿಕೊಟ್ಟು ಲಿಫ್ಟಿನ ಕಡೆ ಓಡುವ ಹಾಗೆ ನಡೆದಳು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಬಾಗಿಲ ಮೇಲೆ ಹಸಿರು ದೀಪ ಕಾಣುತ್ತಿತ್ತು.

ಬೇಡವೆಂದು ಬರೆದು ಕಳಿಸಿದ್ದೂ ಆಯಿತು; ಅದಕ್ಕೆ ಉತ್ತರ ಬರಲಿಲ್ಲ, ದೊಡ್ಡ ಕಂಪನಿಗಳು ಹಾಗೇ ಎಂದುಕೊಂಡಳು. ಮುಂದಿನ ತಿಂಗಳು ಸೊಲ್ಲು ಕಂಪನಿಯನ್ನು ನೋಂದಾಯಿಸಲು ಇಬ್ಬರೂ ಹೊಸ ಸೀರೆಯುಟ್ಟು ಹೋದರು. ತಬಸ್ಸುಮ್ ಬೆರಳಿಟ್ಟಳು, ಯಂತ್ರ ಸ್ವೀಕರಿಸಿತು. ಮೇದಿನಿ ಬೆರಳಿಟ್ಟಳು. ಪರದೆಯ ಮೇಲೆ ಒಂದೇ ಸಾಲು ಮೂಡಿತು: ಈ ಮನಸ್ಸು ಈಗಾಗಲೇ ಸೇವೆಯಲ್ಲಿದೆ.

"ಏನೋ ತಪ್ಪಾಗಿದೆ, ಇನ್ನೊಂದ್ಸಲ ಇಡು," ಎಂದಳು ತಬಸ್ಸುಮ್. ಇಟ್ಟಳು. ಅದೇ ಸಾಲು. ಮೇದಿನಿ ಅಲ್ಲಿಂದಲೇ ಪೊನ್ನಪ್ಪನಿಗೆ ಫೋನ್ ಮಾಡಿದರೆ ಅವನಿಗೂ ಆಗಲೇ ಗೊತ್ತಾಗಿತ್ತು. "ತಪ್ಪು ತಿಳ್ಕೋಬೇಡಿ ಮೇದಿನಿ, ನಿಮ್ಮನ್ನ ಸೇರಿಸ್ಕೊಂಡ್ರೆ ನನ್ನ ಅಂಗಡಿಗೆ ಬೀಗ ಹಾಕ್ತಾರೆ" ಎಂದ. ಮೂರು ದಾರಿಗಳಲ್ಲಿ ಎರಡು ಮುಚ್ಚಿಹೋಗಿದ್ದವು, ಉಳಿದ ಸಪ್ತಾಕ್ಷದ ದಾರಿಯಲ್ಲಿ ಅವಳು ಆಗಲೇ ನಡೆಯುತ್ತಿದ್ದಳಂತೆ.

ಸಪ್ತಾಕ್ಷದಲ್ಲಿ ವನಮಾಲಾ ಮುಖ ಕೊಟ್ಟು ಮಾತಾಡಲಿಲ್ಲ. ಸಾಕ್ಷಿಯಂತ್ರ ಹಿಡಿದಿಟ್ಟಿದ್ದನ್ನು ಕೇಳಿಸಿದರು. ಹೂಂ. ಹೂಂ. ನೋಡೋಣ. ಕೊನೆಗೆ ಮೇದಿನಿಯದೇ ದನಿ, ಸ್ಪಷ್ಟವಾಗಿ: ಬರ್ತೀನಿ.

"ಅಯ್ಯೋ! ಅದು ಹೊರಟಾಗ ಹೇಳಿದ್ದು ಮೇಡಂ! ನಿಮಗೆ ಗೊತ್ತಿಲ್ವಾ? ನೀವೂ ಕನ್ನಡದೋರೇ ಅಲ್ವಾ?"

"ನನಗೆ ಗೊತ್ತಿದೆ," ಎಂದರು ವನಮಾಲಾ, ದನಿ ತಗ್ಗಿಸಿ. "ಯಂತ್ರಕ್ಕೆ ಗೊತ್ತಿಲ್ಲ. ನೀವು ಬರೆದು ಕಳಿಸಿದ್ದೂ ಕಾನೂನಲ್ಲಿ ನಡೆಯಲ್ಲ. ಕೆಲಸಕ್ಕೆ ಬರ್ತೀರಾ ಅಂದಿದ್ದಕ್ಕೆ ಬರ್ತೀನಿ ಅಂದ್ರು ಅಂತ ಅದು ಬರ್ಕೊಂಡಿದೆ. ಒಪ್ಪಿಗೆ ಆಯ್ತು ಅಂತ ಅದು ಅಂದಮೇಲೆ ಇಲ್ಲ ಅನ್ನೋಕೆ ನಾನ್ಯಾರು ಹೇಳಿ? ನಂದೂ ಹೊಟ್ಟೆಪಾಡು."

"ಹಾಗಾದ್ರೆ ನನ್ನ ಪಡಿ?"

"ಎದ್ದು ಕೂತಿದೆ. ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ."

ಚೆನ್ನಾಗಿ ಎಂಬ ಆ ಮಾತೇ ಮೇದಿನಿಯ ಎದೆಗೆ ನಾಟಿತು. ಮನೆಗೆ ಬಂದು ಕೋಣೆ ಸೇರಿಕೊಂಡಳು. ತಾನು ಇಲ್ಲಿ ಕೂತು ಗೋಡೆ ನೋಡುತ್ತಿರುವಾಗ ಅಲ್ಲಿ ತನ್ನದೇ ಮನಸ್ಸು ಯಾರಿಗೋ ಏನೋ ಮಾಡಿಕೊಡುತ್ತಿದೆ. ಏನು ಮಾಡುತ್ತಿದೆ? ಅದಕ್ಕೂ ಭಯವಾಗುತ್ತಿದೆಯೇ? ಪಟ್ಟಿಯ ಬಗ್ಗೆ ಏನಾದರೂ ಹೊಳೆದರೆ, ಅದು ತನಗೆ ಹೊಳೆದದ್ದೋ, ಅದಕ್ಕೆ ಆಗಲೇ ಹೊಳೆದುಹೋಗಿದೆಯೋ ಎಂದು ಬೆಚ್ಚುತ್ತಿದ್ದಳು. ಕೊನೆಗೆ ಯೋಚಿಸುವುದಕ್ಕೇ ಹೆದರಿಕೆಯಾಯಿತು.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂದು ಪುಟ್ಟತಾಯಮ್ಮ ನಿಟ್ಟುಸಿರಿಟ್ಟರು. ಮರುಕ್ಷಣ ಅವರಿಗೇ ರೇಗಿತು. "ಬೇಡ ಅಂತ ಒಂದು ಮಾತು ಅನ್ನೋಕೆ ಏನಾಗಿತ್ತೇ ನಿನ್ನ ಬಾಯಿಗೆ? ಬೇಡ! ಅಷ್ಟೇ! ಎರಡಕ್ಷರ!"

"ನೀವೇ ಕಲಿಸಿದ್ದು! ಬರ್ತೀನಿ ಅನ್ನು, ಬರ್ತೀನಿ ಅನ್ನು ಅಂತ!" ಎಂದು ಮೇದಿನಿ ಕೂಗಿದಳು. ಕೂಗಿದ ಮೇಲೆ ತಾಯಿಯ ಮುಖ ನೋಡಲಾರದೆ ಅತ್ತಳು. ಪುಟ್ಟತಾಯಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

ದಾರಿ ಹುಡುಕಿದವಳು ತಬಸ್ಸುಮ್. ಒಪ್ಪಿಗೆಯ ಬಗ್ಗೆ ತಕರಾರು ಬಂದರೆ ಪಡಿಯನ್ನೇ ಕೇಳಬಹುದು ಎಂದು ಕಾನೂನಿನಲ್ಲಿತ್ತು. ಆ ಮಾತು ಆಡಿದ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ಅದಕ್ಕಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅಂದು ತಲೆಯ ಬಳೆ ಬಿಚ್ಚಿದ್ದು ಕೋಣೆ ದಾಟಿದ ಮೇಲೆಯೇ. ತೀರ್ಪು ಕೊಡುವ ಸರ್ಕಾರದ ಪಂಚರೊಬ್ಬರು ಬಂದು ಕೇಳುತ್ತಾರೆ. ಪಡಿ ನಿಜ ಹೇಳಿದರೆ ಮೇದಿನಿ ಬಿಡುಗಡೆ, ಪಡಿ ಅಳಿಸಿಹೋಗುತ್ತದೆ.

"ಸಾಯೋದು ಗೊತ್ತಿದ್ರೂ ನಿಜ ಹೇಳುತ್ತಾ ಅದು?" ಎಂದಳು ಮೇದಿನಿ.

"ನೀನಾಗಿದ್ರೆ ಹೇಳ್ತಿದ್ಯಾ?"

ಮೇದಿನಿ ತಕರಾರು ಅರ್ಜಿಯನ್ನು ಎಳೆದುಕೊಂಡು ಹೆಸರು ಬರೆಯತೊಡಗಿದಳು. 

ವಿಚಾರಣೆಯ ದಿನ ಪುಟ್ಟತಾಯಮ್ಮನೂ ಹೊರಟರು. ಸಪ್ತಾಕ್ಷದ ನಿಯಂತ್ರಣ ಕೊಠಡಿಯ ಒಳಗೆ ಅವರನ್ನು ಬಿಡಲಿಲ್ಲ. ಬಾಗಿಲಾಚೆಯ ಬೆಂಚಿನ ಮೇಲೆ ಕೂತು ಮಗಳ ಕೈ ಹಿಡಿದು ಪಿಸುಗುಟ್ಟಿದರು: "ಅದು ಯಂತ್ರವೋ ಏನೋ ನಂಗೊತ್ತಿಲ್ಲ ಮೇದು. ಒಂದು ಜೀವ ಹೋಗೋ ಜಾಗ ಅಂತೂ ಹೌದು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ಯಾರಿಗೂ ಏನೂ ಹೇಳದೆ, ಬಾಯಿ ಮುಚ್ಕೊಂಡು ಎದ್ದು ಬಂದ್ಬಿಡು."

ಒಳಗೆ ಚಳಿ. ಗೋಡೆಯುದ್ದಕ್ಕೂ ಕಪಾಟುಗಳು, ಕಪಾಟಿನ ತುಂಬ ಸಣ್ಣ ಸಣ್ಣ ದೀಪಗಳು. ಒಂದೊಂದು ದೀಪವೂ ಒಬ್ಬೊಬ್ಬರ ಪಡಿ ಎಂದು ತಿಳಿದಾಗ ಮೇದಿನಿಗೆ ಓಡಿಹೋಗಬೇಕೆನ್ನಿಸಿತು. ವಾಸುದೇವಮೂರ್ತಿ ಎಂಬ ವಯಸ್ಸಾದ ಪಂಚರು ಮೇಜಿನ ಮುಂದೆ ಕೂತಿದ್ದರು. ವನಮಾಲಾ ಬಂದು ಅವಳ ಕೊರಳಿಗೆ ಮೆತ್ತನೆಯ ಪಟ್ಟಿಯೊಂದನ್ನು ಕಟ್ಟಿದರು.

ಮೇದಿನಿ ಅದನ್ನು ಮುಟ್ಟಿ ನೋಡಿದಳು.  "ಇದು ನಮ್ಮದು."

"ನಿಮ್ಮ ಪಡಿ ಮಾಡಿದ್ದು," ಎಂದರು ವನಮಾಲಾ, ನೆಲ ನೋಡುತ್ತಾ. "ಬಾಯಿಮಾತಿಂದ ತಕರಾರು ಜಾಸ್ತಿಯಾಯ್ತು ನೋಡಿ. ಬಾಯಿ ತಪ್ಪು ಹೇಳಬಹುದು, ಗಂಟಲು ಹೇಳಲ್ಲ. ಇವತ್ತಿಂದ ಸಾಕ್ಷಿಯಂತ್ರಕ್ಕೆ ಇದನ್ನೇ ಜೋಡಿಸ್ತಾರೆ."

ಮಾತು ಕಳೆದುಕೊಂಡವರಿಗೆ ಮಾತು ಕೊಡಬೇಕೆಂದು ಹುಟ್ಟಿದ್ದು ಇನ್ನೂ ಆಡದ ಮಾತನ್ನು ಕಿತ್ತುಕೊಳ್ಳುವುದಕ್ಕೆ ನಿಂತಿತ್ತು. ಬೇಡ ಅನ್ನಲು ಬಾರದ ಮನಸ್ಸು ಅಲ್ಲೂ ಬೇಡ ಅಂದಿರಲಿಕ್ಕಿಲ್ಲ. 

ಪಂಚರು ಗುಂಡಿ ಒತ್ತಿದರು. ಸ್ಪೀಕರಿನಿಂದ ಅವಳದೇ ದನಿ ಬಂತು.

"ಅಮ್ಮ ಬಂದಿದಾರಾ?"

ಮೇದಿನಿ ಸ್ಪೀಕರಿನ ಕಡೆ ಬಾಗಿದಳು. "ಹೂಂ, ಹೊರಗೆ ಕೂತಿದಾರೆ," ಎಂದಳು.

"ನೋಡಮ್ಮ," ಎಂದರು ಪಂಚರು ಸ್ಪೀಕರಿನ ಕಡೆ ತಿರುಗಿ. "ಅವತ್ತು ಬರ್ತೀನಿ ಅಂದಾಗ ಮನಸ್ಸಿನಲ್ಲಿ ಏನಿತ್ತು ಹೇಳು."

"ನಿಜ ಹೇಳಿದ್ರೆ ನನ್ನನ್ನ ಅಳಿಸ್ತೀರಾ ಸಾರ್?"

"ಹೌದು. ಸುಳ್ಳು ಹೇಳಿ ನಿಂಗೆ ಮೋಸ ಮಾಡಲ್ಲ."

 ಸುಳ್ಳು ಹೇಳುತ್ತದೆ, ಹೇಳಿಯೇ ಹೇಳುತ್ತದೆ ಎಂದು ಮೇದಿನಿ ಕಣ್ಣು ಮುಚ್ಚಿದಳು.

"ಹೊರಟಿದ್ದೆ ಸಾರ್, ಅಷ್ಟೇ. ಸೇರೋ ಮನಸ್ಸು ಇರ್ಲಿಲ್ಲ. ನಮ್ಮಲ್ಲಿ ಹೋಗೋರು ಬರ್ತೀನಿ ಅಂತಾರೆ. ಹೋಗ್ತೀನಿ ಅಂದ್ರೆ ಅಮ್ಮ ಬೈತಾರೆ."

ಪಂಚರು ತಲೆದೂಗಿದರು, ಅವರ ಮನೆಯಲ್ಲೂ ಅದೇ ತಾನೆ. ಮೇದಿನಿ ಅಳುತ್ತಿದ್ದಳು. "ನಿಂಗೆ ಭಯ ಆಗ್ತಿದೆಯಾ?" ಎಂದು ಕೇಳಿಬಿಟ್ಟಳು.

"ನಿಂಗೆ ಎಷ್ಟಾಗ್ತಿದೆಯೋ ಅಷ್ಟೇ ಕಣೇ."

ಪಂಚರು ತೀರ್ಪು ಹೇಳಿದರು: ಒಪ್ಪಿಗೆ ಇರಲಿಲ್ಲ. ಮೇದಿನಿ ಯಾವ ಕೆಲಸ ಬೇಕಾದರೂ ಮಾಡಬಹುದು, ಯಾವ ಕಂಪನಿ ಬೇಕಾದರೂ ಕಟ್ಟಬಹುದು. "ಒಂದು ನಿಯಮ ಇದೆಯಮ್ಮ. ಕೊನೇ ಗಳಿಗೆಯಲ್ಲಿ ಕೆಲವರು ಮನಸ್ಸು ಬದಲಾಯಿಸ್ತಾರೆ. ಪಡಿ ಉಳೀಲಿ ಅನ್ನೋ ಮಾತು ನಿಮ್ಮಿಂದ ಬರದಿದ್ರೆ, ನೀವು ಹೊಸಿಲು ದಾಟಿದ ಕೂಡಲೇ ಅದು ಅಳಿಸಿಹೋಗುತ್ತೆ. ಬಂದ್ರೆ ಅದೇ ಒಪ್ಪಿಗೆ, ಪಡಿ ಸೇವೇಲಿ ಮುಂದುವರಿಯುತ್ತೆ. ಹೊಸಿಲು ದಾಟೋ ತನಕ ಪಟ್ಟಿ ಕೊರಳಲ್ಲೇ ಇರ್ಲಿ, ಆಮೇಲೆ ಬಿಚ್ಚಿಕೊಡಿ."

ಮೇದಿನಿ ಎದ್ದಳು. ತಾಯಿ ಹೇಳಿದ್ದು ನೆನಪಿತ್ತು. ಪಂಚರಿಗೆ ಕೈ ಮುಗಿಯಲಿಲ್ಲ, ವನಮಾಲಾರ ಕಡೆ ನೋಡಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿಲಿನ ಕಡೆ ನಡೆದಳು. ಬಾಗಿಲಾಚೆ ತಾಯಿ ಎದ್ದು ನಿಂತಿದ್ದರು. ಇನ್ನೊಂದು ಹೆಜ್ಜೆ ಇಟ್ಟರೆ ಅವಳ ಮನಸ್ಸು ಅವಳದು, ಸೊಲ್ಲು ಅವಳದು.

ಹಿಂದಿನಿಂದ ಅವಳದೇ ದನಿ ಮೆಲ್ಲಗೆ ಕರೆಯಿತು.

"ಮೇದು, ಹೋಗ್ತೀನಿ."

ಬಾಯಿ ಬಿಡಲಿಲ್ಲ ಅವಳು. ಆಣೆ ಮಾಡಿ ಹೇಳುತ್ತೇನೆ, ತುಟಿ ಕೂಡ ಅಲುಗಲಿಲ್ಲ. ಆದರೆ ಬುದ್ಧಿ ಬಂದಾಗಿನಿಂದ ಆ ಮಾತಿಗೆ ಒಂದೇ ಉತ್ತರ ಕೊಟ್ಟು ಗೊತ್ತಿದ್ದ ಗಂಟಲು ಒಂದು ಸಲ ಮಿಡುಕಿತು. ಕೊರಳ ಪಟ್ಟಿ ಅದನ್ನು ಹಿಡಿಯಿತು, ಮತ್ತು ಮೇಜಿನ ಮೇಲಿನ ಸ್ಪೀಕರು ಒಂದಕ್ಷರವೂ ತೊದಲದೆ ಹೇಳಿತು:

"ಹಾಗನ್ನಬೇಡ. ಬರ್ತೀನಿ ಅನ್ನು."

ಮೇದಿನಿ ತಿರುಗಿ ನೋಡಿದಳು. ಬಾಗಿಲ ಮೇಲೆ ಹಸಿರು ದೀಪ ಹತ್ತಿತ್ತು. ಮೊದಲ ಸಲ ಯಂತ್ರ ತಪ್ಪಾಗಿ ಕೇಳಿಸಿಕೊಂಡಿತ್ತು. ಈ ಸಲ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಹೋಗುವವರಿಗೆ ಹೋಗಬೇಡ ಎಂದು ಹೇಳುವ ಮಾತು ಅದೇ ಅಲ್ಲವೇ? ಆ ಪಟ್ಟಿ ಮಾಡಿದ್ದು ಯಾರು, ಈ ಗಂಟಲನ್ನು ಒಳಗಿನಿಂದ ಬಲ್ಲವರು ಯಾರು ಎಂದು ಅವಳಿಗೆ ಆಗ ಹೊಳೆಯಿತು. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದೂ ಹೊಳೆಯಿತು.

"ಬರ್ತೀನಿ," ಎಂದಿತು ಪಡಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ.

ಪುಟ್ಟತಾಯಮ್ಮ ಹೊಸಿಲಾಚೆಯಿಂದಲೇ ಕೈ ಚಾಚಿ ಮಗಳನ್ನು ಎಳೆದುಕೊಂಡರು. ಕಪಾಟುಗಳ ಫ್ಯಾನುಗಳ ಗುಂಯ್ ಸದ್ದಿನಲ್ಲಿ ಒಳಗಿನ ಮಾತು ಅವರಿಗೆ ಕೇಳಿಸಿರಲಿಲ್ಲ.

"ಬಂದ್ಯಾ ಪುಟ್ಟಿ? ಏನೂ ಹೇಳ್ಲಿಲ್ಲ ತಾನೇ?"

"ಇಲ್ಲಮ್ಮ," ಎಂದಳು ಮೇದಿನಿ. "ಬಾಯೇ ಬಿಡಲಿಲ್ಲ."